ಮೊದಲು ಹಣವೋ, ಮೊದಲು ಪೆಟ್ರೋಲೋ?

ಇಂಧನದ ಬಗ್ಗೆ ನಾವು ನಡೆಸಿದ ಮಾತುಕತೆಯ ಕಾರ್ಯಕ್ರಮದಲ್ಲಿ ಅತಿಥಿಗಳು ಕಚ್ಚಾತೈಲ, ಸಂಸ್ಕರಣಾಗಾರ, ಆಕ್ಟೇನ್ ಸಂಖ್ಯೆ ಎಂದು ಸಾಕಷ್ಟು ವಿಷಯ ಹೇಳಿದರು. ರೆಕಾರ್ಡಿಂಗ್ ಮುಗಿದು ಸ್ಟುಡಿಯೋದ ದೀಪಗಳು ಆರಿದ ಮೇಲೆ ಪ್ರೇಕ್ಷಕರ ಸಾಲಿನಲ್ಲಿದ್ದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು. "ಸಾರ್, ನನ್ನದೊಂದು ಪ್ರಶ್ನೆ ಉಳಿದುಹೋಯಿತು. ನಮ್ಮಣ್ಣ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಮೊದಲು ಪೆಟ್ರೋಲ್ ಹಾಕಿಕೊಂಡು ಆಮೇಲೆ ಒಳಗೆ ಹೋಗಿ ದುಡ್ಡು ಕೊಡುತ್ತಾನಂತೆ. ನಮ್ಮ ಸೋದರಮಾವ ಅಮೆರಿಕದಲ್ಲಿದ್ದಾರೆ. ಅಲ್ಲಿ ಮೊದಲು ದುಡ್ಡು ಕೊಡದೆ ಒಂದು ತೊಟ್ಟೂ ಬರುವುದಿಲ್ಲವಂತೆ. ನಮ್ಮೂರ ಬಂಕಿನಲ್ಲಿ ಹುಡುಗನೇ ಹಾಕುತ್ತಾನೆ, ಹುಡುಗನೇ ದುಡ್ಡು ಇಸಿದುಕೊಳ್ಳುತ್ತಾನೆ. ಒಂದೇ ಪೆಟ್ರೋಲಿಗೆ ಮೂರು ಪದ್ಧತಿ ಯಾಕೆ ಸಾರ್?"

ಅತಿಥಿಗಳ ಕಾರು ಆಗಲೇ ಗೇಟು ದಾಟಿತ್ತು. ನಾನು ಓದಿದ್ದು ಬಿ.ಎಸ್ಸಿ. ಆಕ್ಟೇನ್ ಬಗ್ಗೆ ಕೇಳಿದ್ದರೆ ಏನಾದರೂ ಹೇಳಿ ಪಾರಾಗುತ್ತಿದ್ದೆ. ಈ ಪ್ರಶ್ನೆಗೆ ಚರಿತ್ರೆಯನ್ನು ಕೆದಕಬೇಕಾಯಿತು. ಕೆದಕಿದಾಗ ಸಿಕ್ಕಿದ್ದನ್ನು ಅವಳಿಗೂ ನಿಮಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಸಂಗತಿಯನ್ನು ಗಮನಿಸಿ. ಅಂಗಡಿಯಲ್ಲಿ ಒಂದು ಕೆ.ಜಿ. ಬೇಳೆ ಕಟ್ಟಿಸಿದಿರಿ, ಜೇಬು ತಡಕಿದರೆ ದುಡ್ಡಿಲ್ಲ. ಅಂಗಡಿಯವರು ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಪೆಟ್ರೋಲ್ ಹಾಗಲ್ಲ. ಟ್ಯಾಂಕಿಗೆ ಬಿದ್ದ ಕ್ಷಣ ಅದು ಒಳಗಿದ್ದ ಹಳೆಯ ಪೆಟ್ರೋಲಿನೊಂದಿಗೆ ಬೆರೆತುಹೋಗುತ್ತದೆ. ಯಾವುದು ಬಂಕಿನದು, ಯಾವುದು ನಿಮ್ಮದು ಎಂದು ಬೇರ್ಪಡಿಸಲು ಯಾವ ವಿಜ್ಞಾನಿಯಿಂದಲೂ ಸಾಧ್ಯವಿಲ್ಲ. ಅದನ್ನು ಕೊಂಡುಕೊಂಡವನು ಕುಳಿತಿರುವುದೋ, ಓಡುವ ಗಾಡಿಯ ಮೇಲೆ! ಹೀಗಾಗಿ ಪೆಟ್ರೋಲ್ ಟ್ಯಾಂಕಿಗೆ ಬೀಳುವುದಕ್ಕೂ ಹಣ ಕೈಗೆ ಬರುವುದಕ್ಕೂ ನಡುವೆ ಇರುವ ಆ ಒಂದೆರಡು ನಿಮಿಷ ಬಹಳ ನಾಜೂಕಿನದು. ಆ ಹೊತ್ತಿನಲ್ಲಿ ಯಾರು ಯಾರನ್ನು ನಂಬಬೇಕು? ಒಂದೊಂದು ದೇಶ ಇದಕ್ಕೆ ಒಂದೊಂದು ದಾರಿ ಹುಡುಕಿಕೊಂಡಿತು.

ಮೊದಮೊದಲು ಈ ತೊಂದರೆಯೇ ಇರಲಿಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಗಂಡನಿಗೆ ಹೇಳದೆ ಅವನು ತಯಾರಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ದಾರಿಯಲ್ಲಿ ಇಂಧನ ಮುಗಿಯಿತು. ವೀಸ್‌ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರಾಯಿನ್ ಎಂಬ ದ್ರಾವಣ ಸಿಕ್ಕಿತು. ಬಟ್ಟೆಯ ಕಲೆ ತೆಗೆಯಲು ಜನ ಕೊಳ್ಳುತ್ತಿದ್ದ ವಸ್ತು ಅದು. ಆ ಔಷಧಿ ಅಂಗಡಿಯನ್ನೇ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುವವರಿದ್ದಾರೆ. ಕೆಮ್ಮಿನ ಔಷಧಿ ಕೊಂಡಂತೆ ದುಡ್ಡು ಕೊಟ್ಟು ತೆಗೆದುಕೊಂಡರೆ ಆಯಿತು.

ಅಲ್ಲಿಂದ ಮುಂದೆ ಹಲವು ವರ್ಷ ಪೆಟ್ರೋಲ್ ಡಬ್ಬಗಳಲ್ಲೇ ಮಾರಾಟವಾಯಿತು. ಡಬ್ಬಕ್ಕೆ ಇಂತಿಷ್ಟು ಎಂದರೆ ಲೆಕ್ಕ ಸುಲಭ. ಅಷ್ಟರಲ್ಲಾಗಲೇ ಅಮೆರಿಕದ ಫೋರ್ಟ್ ವೇನ್ ನಗರದಲ್ಲಿ ಸಿಲ್ವೇನಸ್ ಬೌಸರ್ ಎಂಬಾತ 1885ರಲ್ಲಿ ಸೀಮೆಎಣ್ಣೆಗೆಂದು ಕೈಪಂಪನ್ನು ತಯಾರಿಸಿ ಮಾರಿದ್ದ. ಅದೇ ಮುಂದೆ ಮೋಟಾರುಗಳಿಗೂ ಬಂತು. 1913ರ ಡಿಸೆಂಬರ್ 1ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಗಲ್ಫ್ ಕಂಪನಿ ರಸ್ತೆಯ ಪಕ್ಕದಲ್ಲಿ ಕಾರುಗಳಿಗೆಂದೇ ಒಂದು ಬಂಕ್ ತೆರೆಯಿತು. ಪಂಪ್ ಬಂದೊಡನೆ ಅನುಮಾನವೂ ಬಂತು. ನೆಲದಡಿಯಿಂದ ಕಾಣದಂತೆ ಬರುವ ವಸ್ತುವಿನ ಅಳತೆಯನ್ನು ನಂಬುವುದು ಹೇಗೆ? ಅದಕ್ಕೆಂದು ಪಂಪಿನ ತಲೆಯ ಮೇಲೆ ಗೆರೆ ಹಾಕಿದ ದೊಡ್ಡ ಗಾಜಿನ ಕೊಳವೆ ಇಟ್ಟರು. ಪೆಟ್ರೋಲನ್ನು ಮೊದಲು ಆ ಗಾಜಿಗೆ ಏರಿಸಿ, ಗಿರಾಕಿ ಕಣ್ಣಾರೆ ನೋಡಿದ ಮೇಲೆ ಕೆಳಗಿಳಿಸುತ್ತಿದ್ದರು. ನಿಮ್ಮ ಪ್ರಯೋಗಾಲಯದ ಬ್ಯುರೆಟ್ಟನ್ನು ನೆನೆಸಿಕೊಳ್ಳಿ, ಅದರದೇ ದೊಡ್ಡಣ್ಣ. 1930ರ ದಶಕದಲ್ಲಿ ಹಣವನ್ನೂ ತಾನೇ ಲೆಕ್ಕ ಹಾಕಿ ತೋರಿಸುವ, ಹಲ್ಲಿನ ಚಕ್ರಗಳ ಮೀಟರು ಬಂತು. ಅದು ಎಷ್ಟು ಕಟ್ಟುನಿಟ್ಟಿನ ಯಂತ್ರವೆಂದರೆ, 1979ರ ಸುಮಾರಿಗೆ ಅಮೆರಿಕದಲ್ಲಿ ಗ್ಯಾಲನ್ನಿನ ಬೆಲೆ ಒಂದು ಡಾಲರ್ ದಾಟಿದಾಗ ಹಳೆಯ ಮೀಟರುಗಳಲ್ಲಿ ಆ ದರವನ್ನು ಕೂರಿಸಲು ಜಾಗವೇ ಇರಲಿಲ್ಲ. ಅರ್ಧ ಗ್ಯಾಲನ್ನಿನ ದರ ಕೂರಿಸಿ, ಮೀಟರು ತೋರಿಸಿದ್ದನ್ನು ಎರಡರಿಂದ ಗುಣಿಸಿ ವಸೂಲು ಮಾಡಿದರು!

ಇಲ್ಲಿಯವರೆಗೂ ಬಂಕಿನಲ್ಲಿ ಒಬ್ಬ ಮನುಷ್ಯ ಇದ್ದೇ ಇದ್ದ. ಅವನನ್ನು ತೆಗೆದರೆ ದರ ಇಳಿಸಬಹುದೆಂಬ ಲೆಕ್ಕ ಅಮೆರಿಕದಲ್ಲಿ ಹುಟ್ಟಿತು. 1947ರಲ್ಲಿ ಫ್ರ್ಯಾಂಕ್ ಯೂರಿಕ್ ಎಂಬಾತ ಲಾಸ್ ಏಂಜಲೀಸ್‌ನಲ್ಲಿ, ನೀವೇ ಹಾಕಿಕೊಳ್ಳಿ, ಗ್ಯಾಲನ್ನಿಗೆ 5 ಸೆಂಟ್ ಉಳಿಸಿ ಎಂದು ಬೋರ್ಡು ಹಾಕಿದ. ಆ ಕಾಲದ ಇಂಥ ಬಂಕುಗಳಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡ ಹುಡುಗಿಯರು ಪಂಪಿನಿಂದ ಪಂಪಿಗೆ ಜಾರುತ್ತಾ ಹೋಗಿ ಹಣ ಸಂಗ್ರಹಿಸುತ್ತಿದ್ದರು. ಎದುರಾಳಿ ಬಂಕಿನವರು ಸುಮ್ಮನಿರುತ್ತಾರೆಯೇ? ಸಾಮಾನ್ಯ ಜನರ ಕೈಗೆ ಪೈಪು ಕೊಟ್ಟರೆ ಬೆಂಕಿ ಹತ್ತುತ್ತದೆ ಎಂದು ಕೂಗೆಬ್ಬಿಸಿದರು. ನ್ಯೂಜೆರ್ಸಿ ರಾಜ್ಯ 1949ರಲ್ಲಿ, ಆರೆಗಾನ್ ರಾಜ್ಯ 1951ರಲ್ಲಿ ಸ್ವಸೇವೆಯನ್ನು ಕಾನೂನಿನಿಂದಲೇ ನಿಷೇಧಿಸಿದವು. ಕಾಯ್ದೆಯಲ್ಲಿ ಬರೆದಿದ್ದು ಸುರಕ್ಷತೆ. ಹಿಂದೆ ನಿಂತು ತಳ್ಳಿದ್ದು ವ್ಯಾಪಾರದ ಪೈಪೋಟಿ ಎಂಬುದು ನನ್ನ ಅಭಿಪ್ರಾಯ. ಆರೆಗಾನ್ 2023ರಲ್ಲಿ ನಿಷೇಧ ತೆಗೆದುಹಾಕಿತು. ನ್ಯೂಜೆರ್ಸಿ ಮಾತ್ರ ಇಂದಿಗೂ ಬಿಟ್ಟಿಲ್ಲ. ಅಲ್ಲಿರುವ ಕನ್ನಡಿಗರು ನಮ್ಮೂರಿನಂತೆಯೇ ಕಾರಿನಲ್ಲಿ ಕುಳಿತು ಗಾಜು ಇಳಿಸಿದರೆ ಸಾಕು, ಯಾರಾದರೂ ಬಂದು ಹಾಕಿಕೊಡುತ್ತಾರೆ.

ಸ್ವಸೇವೆ ನಿಜವಾಗಿ ಬೇರೂರಲು ಒಂದು ಸಣ್ಣ ಪೆಟ್ಟಿಗೆ ಬೇಕಾಯಿತು. 1964ರಲ್ಲಿ ಕೊಲರಾಡೋದ ವೆಸ್ಟ್‌ಮಿನ್‌ಸ್ಟರ್ ಎಂಬಲ್ಲಿ, ದಿನಸಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕುಳಿತವನೇ ಹೊರಗಿನ ಪಂಪನ್ನು ಚಾಲೂ ಮಾಡುವ, ನಿಲ್ಲಿಸುವ ಸಲಕರಣೆ ಬಳಕೆಗೆ ಬಂತು. ಬ್ರೆಡ್ಡಿಗೂ ಪೆಟ್ರೋಲಿಗೂ ಒಬ್ಬನೇ ಗುಮಾಸ್ತ. ಪಂಪಿನ ಬೀಗದ ಕೈ ಗಲ್ಲಾದ ಮೇಲಿದ್ದರೆ, ಮೊದಲು ಹಣ ಕೊಡಿ ಎನ್ನುವುದೂ ಸುಲಭ ನೋಡಿ.

ಈಗ ಆ ಹುಡುಗಿಯ ಅಣ್ಣ ಇರುವ ಇಂಗ್ಲೆಂಡಿಗೆ ಬರೋಣ. ಅಲ್ಲಿ ಮೊದಲ ಸ್ವಸೇವಾ ಬಂಕ್ ತೆರೆದದ್ದು 1961ರಲ್ಲಿ, ಲಂಡನ್ನಿನ ಸದರ್ಕ್ ಸೇತುವೆಯ ಬಳಿ. ಮೊದಲು ಹಾಕಿಕೋ, ಆಮೇಲೆ ಕೊಡು ಎಂಬ ಪದ್ಧತಿಯೇ ಅಲ್ಲಿ ನೆಲೆನಿಂತಿತು. ನಂಬಿಕೆಯ ವ್ಯವಹಾರ. ಈ ನಂಬಿಕೆಗೆ ಕಾನೂನಿನ ಬೆಂಬಲ ಎಷ್ಟಿದೆ ಎಂಬ ಪ್ರಶ್ನೆ 1976ರಲ್ಲಿ ಒಂದು ವಿಚಿತ್ರ ಮೊಕದ್ದಮೆಯಲ್ಲಿ ಬಯಲಿಗೆ ಬಂತು. ಬಂಕಿಗೆ ಬಂದ ಒಬ್ಬಾತ ಟ್ಯಾಂಕ್ ತುಂಬಿಸಲು ಹೇಳಿದ, ಇಂಜಿನ್ನಿಗೆ ಎಣ್ಣೆಯನ್ನೂ ಹಾಕಿಸಿಕೊಂಡ, ದುಡ್ಡು ಕೊಡದೆ ಕಾರು ಓಡಿಸಿಕೊಂಡು ಹೋದ. ಸಿಕ್ಕಿಬಿದ್ದ. ಕಳ್ಳತನದ ಆರೋಪ ಹೊರಿಸಿದರು. ನ್ಯಾಯಾಲಯ ಹೇಳಿದ್ದೇನು? ಕಳ್ಳತನವೆಂದರೆ ಬೇರೆಯವರ ಸ್ವತ್ತನ್ನು ತೆಗೆದುಕೊಳ್ಳುವುದು. ಪೆಟ್ರೋಲ್ ಟ್ಯಾಂಕಿಗೆ ಬಿದ್ದು ಬೆರೆತ ಕ್ಷಣದಲ್ಲೇ ಅದು ಕಾರಿನವನ ಸ್ವತ್ತಾಗಿಹೋಯಿತು. ತನ್ನ ಸ್ವತ್ತನ್ನು ತಾನೇ ಕೊಂಡೊಯ್ದವನು ಕಳ್ಳನಾಗುವುದು ಹೇಗೆ? ಬಿಡುಗಡೆ!

ನಗು ಬರುತ್ತದೆ, ಆದರೆ ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ. ನಾನು ಎರಡು ದಿನ ಹುಡುಕಿ ಸೋತೆ. ಇಂಥ ಕಿಂಡಿಗಳನ್ನು ಮುಚ್ಚಲೆಂದೇ 1978ರಲ್ಲಿ ಬ್ರಿಟಿಷ್ ಸಂಸತ್ತು ಹೊಸ ಕಾಯ್ದೆ ಮಾಡಿ, ಸ್ಥಳದಲ್ಲೇ ಹಣ ಕೊಡಬೇಕೆಂದು ತಿಳಿದೂ ಅಪ್ರಾಮಾಣಿಕವಾಗಿ ಕೊಡದೆ ಹೊರಟುಹೋಗುವುದನ್ನೇ ಒಂದು ಪ್ರತ್ಯೇಕ ಅಪರಾಧವೆಂದು ಸೇರಿಸಿತು. ಎರಡು ವರ್ಷದವರೆಗೆ ಸೆರೆಮನೆ. ಹೋಟೆಲಿನಲ್ಲಿ ಉಂಡು ಓಡಿಹೋಗುವವರಿಗೂ ಇದೇ ಕಲಮು. ಜರ್ಮನಿಯಲ್ಲೂ ಆಮೇಲೆ ಕೊಡುವ ಪದ್ಧತಿಯೇ. ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2011ರಲ್ಲಿ, ಕೊಳ್ಳುವ ಒಪ್ಪಂದ ಆಗುವುದು ಗಲ್ಲಾದ ಮುಂದಲ್ಲ, ಪಂಪಿನ ಬಳಿ ಪೆಟ್ರೋಲ್ ತುಂಬಿಕೊಳ್ಳುವಾಗಲೇ ಎಂದು ತೀರ್ಪು ಕೊಟ್ಟಿತು.

ಕಾನೂನು ಪುಸ್ತಕದಲ್ಲಿ ಇದು ತಮಾಷೆಯಾಗಿ ಕಾಣುತ್ತದೆ. ಬಂಕಿನ ಅಂಗಳದಲ್ಲಿ ಹಾಗಲ್ಲ. 2005ರ ಮಾರ್ಚಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ರಾತ್ರಿ ಪಾಳಿಯಲ್ಲಿದ್ದ 24 ವರ್ಷದ ಹುಡುಗನೊಬ್ಬ, ಹಣ ಕೊಡದೆ ಹೊರಟ ಕಾರನ್ನು ತಡೆಯಲು ಹೋಗಿ ಅದರ ಕೆಳಗೆ ಸಿಕ್ಕಿ, ಕಿಲೋಮೀಟರುಗಟ್ಟಲೆ ಎಳೆಯಲ್ಪಟ್ಟು ಸತ್ತ. ಪೆಟ್ರೋಲಿನ ಬೆಲೆ ಸುಮಾರು 12 ಡಾಲರ್. ಮಗನನ್ನು ಕಳೆದುಕೊಂಡ ತಂದೆತಾಯಿ ಬಿಡದೆ ಒತ್ತಾಯಿಸಿದರು. 2008ರ ಫೆಬ್ರವರಿಯಿಂದ ಆ ಪ್ರಾಂತದಲ್ಲಿ ಮೊದಲು ಹಣ, ಆಮೇಲೆ ಪೆಟ್ರೋಲ್ ಎಂಬುದು ಕಡ್ಡಾಯವಾಯಿತು. ಅದನ್ನು ಜನ ಆ ಹುಡುಗನ ಹೆಸರಿನಿಂದಲೇ ಗ್ರಾಂಟ್ಸ್ ಲಾ ಎಂದು ಕರೆಯುತ್ತಾರೆ.

ಅಮೆರಿಕದಲ್ಲಿ ಮುಂಗಡದ ಪದ್ಧತಿಗೆ ಕಾರ್ಡು ಅನುಕೂಲ ಮಾಡಿಕೊಟ್ಟಿತು. ಪಂಪಿಗೇ ಕಾರ್ಡು ತೋರಿಸಬೇಕು. ಎಷ್ಟು ಪೆಟ್ರೋಲ್ ಹಿಡಿಯುತ್ತದೆಂದು ಆಗಿನ್ನೂ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಬ್ಯಾಂಕು ಅಂದಾಜು ಮೊತ್ತವೊಂದನ್ನು ತಡೆಹಿಡಿದು, ಹಾಕಿಕೊಂಡಷ್ಟಕ್ಕೆ ಮಾತ್ರ ಆಮೇಲೆ ಲೆಕ್ಕ ಚುಕ್ತಾ ಮಾಡುತ್ತದೆ. ಕಾರ್ಡು ಕದ್ದದ್ದಲ್ಲವೆಂದು ಖಾತ್ರಿಮಾಡಿಕೊಳ್ಳಲು ಎಷ್ಟೋ ಪಂಪುಗಳು ಮನೆ ವಿಳಾಸದ ಐದಂಕಿಯ ಅಂಚೆ ಸಂಖ್ಯೆಯನ್ನು ಕೇಳುತ್ತವೆ. ನಮ್ಮ ಪಿನ್‌ಕೋಡಿಗೆ ಆರು ಅಂಕಿ! ಇಲ್ಲಿನ ಕಾರ್ಡು ಹಿಡಿದುಕೊಂಡು ಹೋದವರು ಪಂಪಿನ ಮುಂದೆ ತಬ್ಬಿಬ್ಬಾಗಿ ಕೊನೆಗೆ ಒಳಗೆ ಹೋಗಿ ಗುಮಾಸ್ತನನ್ನೇ ಕಾಣಬೇಕಾಗುತ್ತದೆ.

ಎಲ್ಲ ಶ್ರೀಮಂತ ದೇಶಗಳೂ ಮನುಷ್ಯನನ್ನು ಬೇಗ ಮನೆಗೆ ಕಳಿಸಿದವು ಎಂದುಕೊಳ್ಳಬೇಡಿ. ರೋಬಾಟುಗಳ ನಾಡೆಂದು ನಾವು ಹೊಗಳುವ ಜಪಾನಿನಲ್ಲಿ 1998ರ ಏಪ್ರಿಲ್‌ವರೆಗೆ ಸ್ವಸೇವೆಗೆ ಅನುಮತಿಯೇ ಇರಲಿಲ್ಲ. ಈಗಲೂ ಅಲ್ಲಿ ಗಿರಾಕಿ ಪೈಪು ಎತ್ತಿದಾಗ, ಒಳಗೆ ಕುಳಿತ ಸಿಬ್ಬಂದಿ ಗಮನಿಸಿ ಗುಂಡಿ ಒತ್ತಿದ ಮೇಲೆಯೇ ಪೆಟ್ರೋಲ್ ಹರಿಯುತ್ತದೆ. ಇಟಲಿಯಲ್ಲಿ ಒಂದೇ ಬಂಕಿನಲ್ಲಿ ಎರಡು ದರ. ಆಳು ಹಾಕಿಕೊಟ್ಟರೆ ಹೆಚ್ಚು, ನೀವೇ ಹಾಕಿಕೊಂಡರೆ ಕಡಿಮೆ. ಆಳು ಮನೆಗೆ ಹೋದ ಮೇಲೆ ನೋಟು ನುಂಗುವ ಯಂತ್ರದ ಪಾರುಪತ್ಯ. ದಕ್ಷಿಣ ಆಫ್ರಿಕದಲ್ಲಿ ಸ್ವಸೇವೆ ಇಲ್ಲ. ಅಷ್ಟೊಂದು ಜನರ ಅನ್ನ ಕಿತ್ತುಕೊಳ್ಳಲು ಯಾರಿಗೂ ಧೈರ್ಯವಿಲ್ಲ. 2009ರವರೆಗೆ ಅಲ್ಲಿ ಪೆಟ್ರೋಲಿಗೆ ಸಾಮಾನ್ಯ ಕ್ರೆಡಿಟ್ ಕಾರ್ಡೂ ನಡೆಯುತ್ತಿರಲಿಲ್ಲ, ಪೆಟ್ರೋಲಿಗೆಂದೇ ಬೇರೆ ಕಾರ್ಡು ಇಟ್ಟುಕೊಳ್ಳಬೇಕಿತ್ತು.

ನಮ್ಮ ಪದ್ಧತಿಯನ್ನು ಗಮನವಿಟ್ಟು ನೋಡಿದ್ದೀರಾ? ಇಷ್ಟು ಲೀಟರ್ ಹಾಕಿ ಎನ್ನುವವರು ಕಡಿಮೆ. ಇನ್ನೂರು ರೂಪಾಯಿಗೆ ಹಾಕಿ ಎನ್ನುತ್ತೇವೆ. ಹಣ ಕೈ ಬದಲಾಗುವ ಮೊದಲೇ ಮೊತ್ತ ನಿಶ್ಚಯವಾಗಿಬಿಡುತ್ತದೆ. ಹುಡುಗ "ಸೊನ್ನೆ ನೋಡ್ಕೊಳಿ ಸಾರ್" ಎನ್ನುತ್ತಾನೆ. ಅಮೆರಿಕದವರು ಗಾಜಿನ ಕೊಳವೆಯಿಂದ ಮಾಡಿದ್ದನ್ನು ನಾವು ಈ ಒಂದು ಮಾತಿನಿಂದ ಮಾಡಿಕೊಳ್ಳುತ್ತೇವೆ. ದುಂಡು ಮೊತ್ತ ಹೇಳಿದರೆ ಮೋಸವಾಗುತ್ತದೆಂದು ನೂರಾಹತ್ತು ಹೇಳುವವರೂ ಉಂಟು. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು. ಅನುಮಾನ ಬಂದರೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ನೂರಾಹತ್ತರ ಉಪಾಯಕ್ಕಿಂತ ಅದು ವಾಸಿ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ, ಹಳೆಯ ನೋಟು ನಡೆಯುತ್ತಿದ್ದ ಕೆಲವೇ ಜಾಗಗಳಲ್ಲಿ ಬಂಕೂ ಒಂದಾಗಿತ್ತು. 500ರ ನೋಟಿಗೆ ಡಿಸೆಂಬರ್ 2ರವರೆಗೆ ಅವಕಾಶವಿತ್ತು. ಸ್ಕೂಟರಿಗೆ ಐನೂರಕ್ಕೂ ಪೆಟ್ರೋಲ್ ತುಂಬಿಸಿಕೊಂಡವರನ್ನು ಆಗ ಕಂಡಿದ್ದೇನೆ. ಚಿಲ್ಲರೆಯಾದರೂ ಎಲ್ಲಿತ್ತು? ಅದೇ ಡಿಸೆಂಬರಿನಲ್ಲಿ ಕಾರ್ಡು, ಮೊಬೈಲಿನಿಂದ ಹಣ ಕೊಟ್ಟವರಿಗೆ ಶೇಕಡಾ 0.75 ರಿಯಾಯಿತಿ ಘೋಷಣೆಯಾಯಿತು. ಅದೇ ವರ್ಷ ಶುರುವಾಗಿದ್ದ ಯುಪಿಐ ಕ್ರಮೇಣ ಬಂಕಿಗೂ ಬಂತು.

ಕಳೆದ ವರ್ಷ ಹೊರಾಂಗಣ ಚಿತ್ರೀಕರಣಕ್ಕೆ ಹೋಗುವಾಗ ಒಂದು ಸಣ್ಣ ಊರಿನ ಬಂಕಿನಲ್ಲಿ ನಮ್ಮ ವ್ಯಾನು ನಿಂತಿತು. ಹಾಕುತ್ತಿದ್ದ ಹುಡುಗನಿಗೆ ಇಪ್ಪತ್ತು ತುಂಬಿರಲಿಕ್ಕಿಲ್ಲ. ನಮ್ಮ ಚಾಲಕ ಮೊಬೈಲ್ ತೋರಿಸಿ, "ಹೋಯ್ತು ನೋಡಪ್ಪ" ಎಂದ. ಹುಡುಗ ಕದಲಲಿಲ್ಲ. ಹಿಂದಿನ ವಾರ ಬೈಕಿನಲ್ಲಿ ಬಂದ ಇಬ್ಬರು ಹೀಗೆಯೇ ಪರದೆಯ ಮೇಲೆ ಏನೋ ತೋರಿಸಿ ಹೋದರಂತೆ, ಹಣ ಬಂದಿರಲಿಲ್ಲ. ಮುನ್ನೂರು ರೂಪಾಯಿ ಇವನ ಸಂಬಳದಲ್ಲಿ ಮುರಿದುಕೊಂಡರಂತೆ. "ತಪ್ಪು ತಿಳ್ಕೋಬೇಡಿ ಸಾರ್, ಪೆಟ್ಟಿಗೆ ಹೇಳ್ಲಿ" ಎಂದ. ಬಿಸಿಲು ಜೋರಾಗಿತ್ತು, ಸಿಗ್ನಲ್ ಸರಿಯಾಗಿರಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಕಂಬಕ್ಕೆ ಕಟ್ಟಿದ್ದ ಪುಟ್ಟ ಪೆಟ್ಟಿಗೆ ಕನ್ನಡದಲ್ಲಿ ಮೊತ್ತವನ್ನು ಉಚ್ಚರಿಸುವವರೆಗೂ ಆ ಹುಡುಗ ನಮ್ಮ ಟ್ಯಾಂಕಿನ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ.