ಅಂಟು: ಗೋಂದೋ, ನಂಟೋ?

ಅಂಟು

ಜೀವಶಾಸ್ತ್ರ ಓದುತ್ತಿದ್ದ ಮಗಳು ತಲೆಯೆತ್ತಿ ಕೇಳಿದಳು: "ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಂತೆ. ಗೋಂದು ಹಚ್ಚಿದ್ದು ಯಾರು?"

ತಪ್ಪು ಅವಳದಲ್ಲ. ಹಲಸು ಬಿಡಿಸುವಾಗ ಎಣ್ಣೆ ಸವರಿದ ಕೈಯನ್ನೂ ಬಿಡದ ಮೇಣವೇ ನಮಗೆ ಅಂಟು. ಆದರೆ ಪದ ಮೊದಲಿಂದ ಇಷ್ಟು ಜಿಗುಟಲ್ಲ. ತಾಗು, ಹತ್ತಿರವಾಗು ಎಂಬ ಅರ್ಥವೂ ಇದಕ್ಕುಂಟು. ತಮಿಳಿನ 'ಅಂಡು' ಎಂದರೆ ಸಮೀಪಿಸು, ಆಶ್ರಯಿಸು. ತೆಲುಗಿನ 'ಅಂಟು' ಮುಟ್ಟುವುದೂ ಹೌದು, ಮೈಲಿಗೆಯೂ ಹೌದು. ನಮ್ಮ ಅಂಟುಜಾಡ್ಯದಲ್ಲಿ ಈ ತಾಗುವ ಅರ್ಥ ಉಳಿದಿದೆ. ಬಾಣಂತಿಯ ಅಂಟಿನುಂಡೆಯಲ್ಲಿರುವುದು ಮಾತ್ರ ಅಪ್ಪಟ ಮರದ ಗೋಂದು.

ಪಶ್ಚಿಮದವರಿಗೂ ಹೊಳೆದದ್ದು ಗೋಂದೇ. ಕೋಶಗಳ ಸುತ್ತಲಿನ ಹಂದರದ ಮುಖ್ಯ ಪ್ರೋಟೀನು ಕೊಲಾಜೆನ್. ಗ್ರೀಕಿನಲ್ಲಿ 'ಕೊಲ್ಲ' ಎಂದರೆ ಅಂಟು. ತೊಗಲು, ಮೂಳೆ ಕುದಿಸಿ ಅಂಟು ತೆಗೆಯುತ್ತಿದ್ದರಲ್ಲ, ಅದರ ನೆನಪು.

ದೇಹದೊಳಗೆ ನಡೆಯುವುದು ಬೇರೆ. ಇಂಟೆಗ್ರಿನ್ ಎಂಬ ಪ್ರೋಟೀನು ಕೋಶದ ಪೊರೆ ದಾಟಿ ಹೊರಗಿನ ಹಂದರವನ್ನು ಹಿಡಿಯುತ್ತದೆ. ಪಕ್ಕದ ಕೋಶದ ಕೈ ಹಿಡಿಯುವುದು ಕ್ಯಾಡ್ಹೆರಿನ್. 1984ರಲ್ಲಿ ಜಪಾನಿನ ಮಸಾತೋಶಿ ತಾಕೇಯಿಚಿ ಮತ್ತು ಸಂಗಡಿಗರು ಕ್ಯಾಲ್ಸಿಯಂ, ಅಂಟು ಎರಡನ್ನೂ ಬೆಸೆದು ಇಟ್ಟ ಹೆಸರಿದು. ಕ್ಯಾಲ್ಸಿಯಂ ತೆಗೆದರೆ ಈ ಹಿಡಿತ ಸಡಿಲ. ಅದೂ ಸಾಮಾನ್ಯವಾಗಿ ತನ್ನ ಬಗೆಯದನ್ನೇ ಆರಿಸಿ ಹಿಡಿಯುತ್ತದೆ. ಹಲಸಿನ ಮೇಣಕ್ಕೆ ಇಂಥ ಆಯ್ಕೆ ಎಲ್ಲಿಯದು?

'ನಂಟು' ಎಂದಿದ್ದರೆ ವಾಸಿಯಿತ್ತು. ತಮಿಳಿನ 'ನಟ್ಪು', ಅಂದರೆ ಗೆಳೆತನ, ಅದರ ಬಳಗವೇ. ಏನು ಮಾಡುವುದು, ಪಠ್ಯಪುಸ್ತಕಕ್ಕೆ 'ಅಂಟು' ಅಂಟಿಬಿಟ್ಟಿದೆ.