ಬಿಲದ ಅಳತೆಗೆ ಬೆಳೆದ ನಾಯಿ

ಹಾಡಿನ ತಟ್ಟೆಗಳ ಕಾಲವನ್ನು ಕಂಡವರಿಗೆಲ್ಲ ಗ್ರಾಮಾಫೋನಿನ ಕೊಳವೆಗೆ ಕಿವಿಗೊಟ್ಟು ಕುಳಿತ ಹೆಚ್.ಎಂ.ವಿ. ನಾಯಿ ಪರಿಚಿತ. ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ್ದು. ಅದು ಟೆರಿಯರ್ ಜಾತಿಯದೆಂದು ಎಲ್ಲರೂ ಒಪ್ಪುತ್ತಾರೆ. ಯಾವ ಟೆರಿಯರ್ ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಜಾಕ್ ರಸೆಲ್ ಎನ್ನುವವರಿದ್ದಾರೆ, ಫಾಕ್ಸ್ ಟೆರಿಯರ್ ಎನ್ನುವವರಿದ್ದಾರೆ, ಬೆರಕೆ ಎನ್ನುವವರೂ ಇದ್ದಾರೆ. ಹಾಗಾದರೆ ಟೆರಿಯರಿನ ಮೈಕಟ್ಟಿಗೆ ಅಳತೆಗೋಲು ಯಾವುದು? ಅದನ್ನು ಗೊತ್ತುಮಾಡಿದವರು ಯಾರು?

‘ಟೆರಿಯರ್’ ಎಂಬ ಹೆಸರಿನ ಮೂಲದಲ್ಲಿರುವುದು ಮಣ್ಣು ಎಂಬರ್ಥದ ಲ್ಯಾಟಿನ್ ಪದ. ಬೇಟೆನಾಯಿಗಳ ಹಿಂಡು ಅಟ್ಟಿಸಿಕೊಂಡು ಬಂದಾಗ ನರಿ ಬಿಲ ಸೇರುತ್ತದೆ. ಅದರ ಹಿಂದೆಯೇ ನುಗ್ಗಿ, ಬೊಗಳಿ, ಅದನ್ನು ಹೊರಗೆಬ್ಬಿಸುವುದು ಟೆರಿಯರಿನ ಕೆಲಸ. ಕೊಲ್ಲುವುದು ಅದರ ಕೆಲಸವಲ್ಲ. ಹಿಂಡಿನೊಡನೆ ಓಡಲು ಕಾಲು ಉದ್ದವಿರಬೇಕು. ಬಿಲದಲ್ಲಿ ನುಸುಳಲು ಎದೆ ಕಿರಿದಾಗಿರಬೇಕು. ನರಿಯೆಂದು ಭ್ರಮಿಸಿ ಹಿಂಡಿನ ನಾಯಿಗಳು ಕಚ್ಚದಿರಲು ಮೈಬಣ್ಣ ಬಿಳಿಯಾಗಿರಬೇಕು. ಹೀಗೆ ಅದರ ಒಂದೊಂದು ಲಕ್ಷಣಕ್ಕೂ ಒಂದೊಂದು ಕಾರಣವಿತ್ತು.

ಈ ಲಕ್ಷಣಗಳಿಗಾಗಿಯೇ ನಾಯಿ ಸಾಕಿ ಹೆಸರಾದವನು ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (1795–1883). ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲು ಮಾರುವವನೊಬ್ಬನಿಂದ ಅವನು ಕೊಂಡ ‘ಟ್ರಂಪ್’ ಎಂಬ ಬಿಳಿಯ ಹೆಣ್ಣುನಾಯಿಯೇ ಅವನ ತಳಿಯ ಮೂಲ. ಅದರ ಎತ್ತರ ಬೆಳೆದ ಹೆಣ್ಣು ನರಿಯಷ್ಟು ಇತ್ತೆಂದು ವರ್ಣನೆಯಿದೆ. ನರಿ ಹೋದ ಕಡೆಗೆ ನಾಯಿ ಹೋಗಬೇಕಾದರೆ ಇದಕ್ಕಿಂತ ಸಹಜವಾದ ಅಳತೆ ಬೇರೆ ಯಾವುದು?

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ರಸೆಲ್ ಅದರ ಮೊದಲ ಸದಸ್ಯರಲ್ಲೊಬ್ಬ. 1876ರಲ್ಲಿ ಫಾಕ್ಸ್ ಟೆರಿಯರ್ ಕ್ಲಬ್ಬು ತನ್ನ ತಳಿಯ ಲಕ್ಷಣಗಳನ್ನು ಬರೆದಿಟ್ಟಿತು. ಪ್ರದರ್ಶನಗಳಲ್ಲಿ ತೀರ್ಪುಗಾರನಾಗಿದ್ದರೂ ರಸೆಲ್ ತನ್ನ ನಾಯಿಗಳನ್ನು ಸ್ಪರ್ಧೆಗಿಳಿಸಲಿಲ್ಲ. ಅವನ ಹಿಂಜರಿಕೆ ಅಕಾರಣವಾಗಿರಲಿಲ್ಲ. ಬಹುಮಾನದ ಕಣದಲ್ಲಿ ಬಿಲವಿಲ್ಲ, ನರಿಯಿಲ್ಲ. ನೋಡುವವರ ಕಣ್ಣಷ್ಟೇ ಇದೆ. ಕಾಲಕ್ರಮೇಣ ಪ್ರದರ್ಶನದ ಫಾಕ್ಸ್ ಟೆರಿಯರಿನ ತಲೆ ನೀಳವಾಯಿತು, ಭುಜ ನೆಟ್ಟಗಾಯಿತು, ಎದೆ ಆಳವಾಯಿತು. ನೋಟಕ್ಕೆ ಚೆಲುವು; ಆದರೆ ಬಿಲದ ಬಾಯಲ್ಲಿ ಸಿಕ್ಕಿಕೊಳ್ಳುವ ಎದೆ.

ಕೆಲಸದ ನಾಯಿಯನ್ನು ನೆಚ್ಚಿದವರು ಇನ್ನೊಂದು ಪರೀಕ್ಷೆಯನ್ನು ಉಳಿಸಿಕೊಂಡರು. ನಾಯಿಯ ಭುಜದ ಹಿಂದೆ ಎದೆಯನ್ನು ಎರಡೂ ಕೈಗಳಿಂದ ಸುತ್ತಿ ಹಿಡಿಯಬೇಕು. ಸಾಧಾರಣ ಗಾತ್ರದ ಕೈಗಳ ಹಿಡಿತಕ್ಕೆ ಎದೆ ಒದಗಿದರೆ ನಾಯಿ ಬಿಲಕ್ಕೆ ಯೋಗ್ಯ. ಗೇಣು, ಮೊಳ, ಮಾರು ಎಂದು ಮೈಯಿಂದಲೇ ಅಳೆದು ಬಾಳಿದ ನಮ್ಮ ಹಿರಿಯರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತಿತ್ತು. 1990ರಲ್ಲಿ ಕೆನಲ್ ಕ್ಲಬ್ಬು ಪಾದ್ರಿಯ ತಳಿಯನ್ನು ಮಾನ್ಯಮಾಡಿದಾಗ ಕೈಹಿಡಿತದ ಈ ಪರೀಕ್ಷೆಗೂ ನಿಯಮದಲ್ಲಿ ಸ್ಥಾನ ದೊರೆಯಿತು. ಇಂದು ಪಾರ್ಸನ್ ರಸೆಲ್ ಎನಿಸಿಕೊಳ್ಳುವ ಈ ತಳಿಯಲ್ಲಿ ಗಂಡಿಗೆ 36, ಹೆಣ್ಣಿಗೆ 33 ಸೆಂಟಿಮೀಟರ್ ಎತ್ತರ ಆದರ್ಶ.

ಅದೇ ಪಾದ್ರಿಯ ಹೆಸರಿನ ಗಿಡ್ಡ ಕಾಲಿನ ಜಾಕ್ ರಸೆಲ್‌ಗೆ 25ರಿಂದ 30 ಸೆಂಟಿಮೀಟರ್. ಅಂತರರಾಷ್ಟ್ರೀಯ ನಿಯಮದಂತೆ ಅದರ ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರ್. ಎತ್ತರದ ಪ್ರತಿ 5 ಸೆಂಟಿಮೀಟರಿಗೆ ತೂಕ ಒಂದು ಕಿಲೋ. ಬ್ರಿಟನ್ನಿನ ಕೆನಲ್ ಕ್ಲಬ್ಬು ಇದನ್ನು ಮಾನ್ಯಮಾಡಿದ್ದು 2016ರಲ್ಲಿ. ಆದರೆ 1974ರಲ್ಲೇ ಹುಟ್ಟಿದ ಜಾಕ್ ರಸೆಲ್ ಸಾಕುವವರ ಸಂಘವೊಂದು ಇಂಥ ಮಾನ್ಯತೆಯನ್ನೇ ವಿರೋಧಿಸುತ್ತ ಬಂದಿತ್ತು. ಫಾಕ್ಸ್ ಟೆರಿಯರಿಗೆ ಆದದ್ದು ತಮ್ಮ ನಾಯಿಗೂ ಆದೀತೆಂಬುದೇ ಅವರ ಭಯ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2004ರ ಕಾನೂನು, ನಾಯಿಹಿಂಡಿನಿಂದ ನರಿಯನ್ನು ಬೇಟೆಯಾಡುವುದನ್ನು ನಿಷೇಧಿಸಿತು. ಅದು ಒಳ್ಳೆಯದೇ ಆಯಿತೆಂದು ಪ್ರಾಣಿದಯೆಯುಳ್ಳವರು ಹೇಳಿಯಾರು. ಹೆಚ್ಚಿನ ಟೆರಿಯರುಗಳು ಇಂದು ನರಿಯ ಮುಖವನ್ನೇ ಕಂಡಿಲ್ಲ. ಆದರೂ ಕೈಹಿಡಿತದ ಪರೀಕ್ಷೆ ನಿಂತಿಲ್ಲ. ಆ ಎದೆ ಏಕೆ ಕಿರಿದು ಎಂಬುದನ್ನು ಸಾಕುವವರು ಮರೆತ ದಿನ ಅಂಕಿಗಳು ಮಾತ್ರ ಉಳಿದಾವು. ನಾಯಿ ಬೇರೆಯೇ ಆದೀತು.

ನಮ್ಮ ಮಹಾನಗರಗಳ ಫ್ಲಾಟುಗಳಲ್ಲೂ ಇಂಥ ನಾಯಿಗಳನ್ನು ಸಾಕುವವರುಂಟು. ಅದು ಹೂಕುಂಡದ ಮಣ್ಣನ್ನು ಕೆದರಿದಾಗ, ಸೋಫಾದ ಸಂದಿಯಲ್ಲಿ ತಲೆ ತೂರಿಸಿದಾಗ, ಗದರುವ ಮುನ್ನ ಒಂದು ಗಳಿಗೆ ತಡೆಯಬೇಕು. ಇನ್ನೂರು ವರ್ಷಗಳಿಂದ ಮನುಷ್ಯನೇ ಆರಿಸಿ, ಅಳೆದು ಬೆಳೆಸಿದ ಮೈ ಅದು. ನೆಲವನ್ನು ಕಂಡರೆ ಅಗೆಯುವುದು ಅದರ ತಪ್ಪಲ್ಲ.