ಲಿಪಿಕಾರನ ಸಲಕರಣೆ

ಶಾಸ್ತ್ರವಿಷಯವನ್ನು ಬರೆಯತಕ್ಕವನಿಗೆ ಪಾಂಡಿತ್ಯವೊಂದಿದ್ದರೆ ಸಾಲದು. ಕೈಯಲ್ಲಿರುವ ಸಲಕರಣೆಯೂ ಆ ಕೆಲಸಕ್ಕೆ ತಕ್ಕುದಾಗಿರಬೇಕು. ಕಾವ್ಯದಲ್ಲಿ ಒಂದಕ್ಷರವು ಅಸ್ಪಷ್ಟವಾದರೆ ಸಹೃದಯನು ಊಹೆಯಿಂದ ತುಂಬಿಕೊಂಡಾನು. ಔಷಧದ ಪ್ರಮಾಣದಲ್ಲಿಯೋ ಗಣಿತದ ಸೂತ್ರದಲ್ಲಿಯೋ ಒಂದು ಚಿಹ್ನೆಯು ಬಿದ್ದುಹೋದರೆ ಊಹೆಗೆ ಎಡೆಯಿಲ್ಲ. ಈಗ ಲಿಂಗಸುಗೂರಿನ ಕಚೇರಿಗಳಲ್ಲಿ ಗಣಕಯಂತ್ರವೇ ಬರವಣಿಗೆಯ ಮುಖ್ಯ ಸಾಧನವಾಗಿರುವುದರಿಂದ, ಅದು ಕನ್ನಡದ ಶಾಸ್ತ್ರಲೇಖನಕ್ಕೆ ಯಾವ ಕ್ರಮದಿಂದ ಒದಗಿಬಂದಿತೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ಸೀಮೆಗೆ ಲೇಖನಕಲೆಯು ಹೊಸದಲ್ಲ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡನು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. 'ದೇವಾನಾಂಪ್ರಿಯ'ನೆಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಅದರಲ್ಲಿದ್ದುದರಿಂದ ದೊಡ್ಡದೊಂದು ಸಂದೇಹವು ಪರಿಹಾರವಾಯಿತೆಂಬುದು ವಾಚಕರಿಗೆ ವಿದಿತವೇ ಇದೆ. ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಲ್ಲಿ ಅದೇ ಚಕ್ರವರ್ತಿಯ ಶಾಸನವನ್ನು ಬರೆದ ಚಪಡನೆಂಬವನು ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ'ನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದನು. ಒಂದು ಲಿಪಿ ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಎರಡನ್ನೂ ಒಂದೇ ಬಂಡೆಯ ಮೇಲೆ ಬರೆಯಲು ಅವನ ಉಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಗಣಕಯಂತ್ರಕ್ಕಾದರೋ ಇಷ್ಟು ಮಾತ್ರದ ಕೆಲಸವೇ ಬಹುಕಾಲ ದುಸ್ಸಾಧ್ಯವಾಗಿದ್ದಿತು.

ಶಾನುಭೋಗರ ಕಡತವನ್ನೂ ಇಲ್ಲಿ ನೆನೆಯಬೇಕು. ಅರಿವೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟು, ಬಳಪದಿಂದ ಲೆಕ್ಕವನ್ನು ಬರೆಯುತ್ತಿದ್ದರು. ತಪ್ಪಿದಲ್ಲಿ ಒರೆಸಿ ಮತ್ತೆ ಬರೆಯುತ್ತಿದ್ದರು. ತಿದ್ದುವ ಸೌಕರ್ಯವನ್ನು ಗಣಕವೇ ಮೊದಲು ತಂದಿತೆನ್ನುವವರು ಈ ಕಪ್ಪು ಬಟ್ಟೆಯನ್ನು ಕಂಡಿಲ್ಲ. ಹೆಸರು ಮಾತ್ರ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಉಳಿದಿದೆ.

ಅನಂತಸುಬ್ಬರಾಯರ ಪ್ರಯತ್ನದಿಂದ ಕನ್ನಡಕ್ಕೆ ಬೆರಳಚ್ಚು ಯಂತ್ರವೇನೋ ದೊರೆಯಿತು. ಆದರೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಲಿಂಗಸುಗೂರಿನ ಕಚೇರಿಗಳಲ್ಲಿ ಉರ್ದುವೇ ಪ್ರಧಾನವಾಗಿದ್ದಿತು. ೧೯೫೬ರ ಏಕೀಕರಣದ ತರುವಾಯವೇ ಕನ್ನಡಕ್ಕೆ ನೆಲೆ ದೊರೆತುದು. ಆ ಯಂತ್ರದಲ್ಲಿಯೂ ಹಿಡಿಯುತ್ತಿದ್ದುದು ಸುಮಾರು ತೊಂಬತ್ತು ಅಚ್ಚುಗಳು. ಗುಣಿತ ಒತ್ತಕ್ಷರಗಳಿಗೇ ಅವು ಸಾಲದಿರಲು, ಗಣಿತದ ಚಿಹ್ನೆಗಳನ್ನು ಕೈಯಿಂದಲೇ ತುಂಬಬೇಕಾಗುತ್ತಿದ್ದಿತು.

೧೯೮೦ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡನ್ನು ಗಣಕದ ಒಡಲಿಗೆ ಸೇರಿಸಿದರೆ ತೆರೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂಗೀಕರಿಸಿದ ಇಸ್ಕಿ ಸಂಕೇತದಲ್ಲಿ ದೇವನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಒಂದೇ ಅಂಕವಿದ್ದಿತು. ವರ್ಣಮಾಲೆಯು ಎಲ್ಲಕ್ಕೂ ಸಮಾನವೆಂಬ ನಮ್ಮ ಪ್ರಾಚೀನರ ತಿಳಿವಳಿಕೆಗೆ ಇದು ಒಪ್ಪುವಂತಹುದು. ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯು ಇನ್ನೂ ಸೊಗಸಾದುದು. ಕಕಾರದ ಕೀಲಿಯನ್ನೇ ಶಿಫ್ಟ್ ಒತ್ತಿ ತಟ್ಟಿದರೆ ಖಕಾರ. ವ್ಯಂಜನದ ಮುಂದೆ ಸ್ವರವನ್ನು ತಟ್ಟಿದರೆ ಗುಣಿತಾಕ್ಷರ. ನೂರಾರು ಅಕ್ಷರರೂಪಗಳು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿದುವು. ಅಲ್ಪಾಕ್ಷರದಲ್ಲಿ ಬಹ್ವರ್ಥವನ್ನು ಅಡಗಿಸುವ ಸೂತ್ರಕಾರರ ಲಾಘವವನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೯೮ರಲ್ಲಿ ಶೇಷಾದ್ರಿವಾಸುಗಳ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದು ಕನ್ನಡವನ್ನು ಮನೆಮನೆಯ ಗಣಕಕ್ಕೆ ಮುಟ್ಟಿಸಿದುವು.

ಹಾನಿಯ ಬೀಜವೂ ಆ ಕಾಲದಲ್ಲಿಯೇ ಬಿದ್ದಿತು. ಅಂದಿನ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಯಂತ್ರವು ಅಕ್ಷರವನ್ನು ನೆನಪಿಡುತ್ತಿರಲಿಲ್ಲ. ಅಕ್ಷರದ ಚೂರುಗಳನ್ನು, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳನ್ನೂ ಆಕ್ರಮಿಸಿ, ಶೇಖರಿಸುತ್ತಿದ್ದಿತು. 'ಸೂರ್ಯ' ಶಬ್ದದಲ್ಲಿ ರೇಫವು ಯಕಾರಕ್ಕೆ ಮೊದಲು ಉಚ್ಚರಿತವಾಗುವುದಷ್ಟೆ. ಯಂತ್ರದ ಒಳಗೆ ಮಾತ್ರ ಯಕಾರವು ಮೊದಲು, ಅರ್ಕಾವತ್ತು ಹಿಂದೆ. ಹೀಗಿರುವಾಗ ಕೋಶವನ್ನಾಗಲಿ ಪದಸೂಚಿಯನ್ನಾಗಲಿ ಅಕಾರಾದಿಯಾಗಿ ಹೊಂದಿಸುವುದೆಂತು? ರಸಾಯನಶಾಸ್ತ್ರದ ಪಾಠದಲ್ಲಿ ರೋಮನ್ ಲಿಪಿಯ ಸಂಕೇತವೊಂದು ಬಂದಲ್ಲೆಲ್ಲ ಅಕ್ಷರವಿನ್ಯಾಸವನ್ನು ಬದಲಿಸಬೇಕು. ಕಡತವು ಬೇರೊಂದು ಗಣಕಕ್ಕೆ ಹೋದಾಗ ಆ ವ್ಯತ್ಯಾಸವು ಅಳಿಸಿತೆಂದರೆ, ಸಂಕೇತವು ಅರ್ಥವಿಲ್ಲದ ಕನ್ನಡದ ಚೂರಾಗುತ್ತಿದ್ದಿತು. ಹಟ್ಟಿಯಂತಹ ಚಿನ್ನದ ಗಣಿಯಿರುವ ತಾಲ್ಲೂಕಿನಲ್ಲಿ ಅದಿರು ಸಯನೈಡುಗಳ ವಿಷಯವನ್ನು ಕನ್ನಡದಲ್ಲಿ ಬರೆಯಹೊರಟವನಿಗೆ ಇದು ಅಲ್ಪವಾದ ತೊಡಕಲ್ಲ. ಗಣಕಕ್ಕೆ ಎಷ್ಟು ಹಣ ತೆತ್ತರೂ ಈ ಕೊರತೆಯು ನೀಗುತ್ತಿರಲಿಲ್ಲ.

ನೀಗಿದುದು ಯೂನಿಕೋಡಿನಿಂದ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ನೂರಿಪ್ಪತ್ತೆಂಟು ಸ್ಥಾನಗಳ ಒಂದು ಪಂಕ್ತಿಯು ಮೀಸಲಾಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯು 'ತುಂಗಾ' ಎಂಬ ಅಕ್ಷರವಿನ್ಯಾಸದೊಡನೆ ಅದನ್ನು ಜನರ ಕೈಗೆ ಕೊಟ್ಟಿತು. ಕನ್ನಡ, ರೋಮನ್, ಗ್ರೀಕ್ ಮೂರೂ ಒಂದೇ ಸಾಲಿನಲ್ಲಿ ಕಲಹವಿಲ್ಲದೆ ಕುಳಿತವು. ಆದರೂ ಸಂಸ್ಕೃತ ಶಾಸ್ತ್ರಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಇನ್ನೂ ಕಾಯಬೇಕಾಯಿತು. ಅವಗ್ರಹಕ್ಕೆ ಸ್ಥಾನ ದೊರೆತುದು ೨೦೦೩ರಲ್ಲಿ. ಜಿಹ್ವಾಮೂಲೀಯ ಉಪಧ್ಮಾನೀಯಗಳಿಗೆ ೨೦೦೬ರಲ್ಲಿ. 'ಕೋಽಪಿ' ಎಂದು ನೆಟ್ಟಗೆ ಬರೆಯಲಾರದ ಸಾಧನವನ್ನು ಅಲ್ಲಿಯವರೆಗೆ ಪೂರ್ಣವೆಂದು ಹೊಗಳಿದುದು ಅತಿಶಯೋಕ್ತಿಯೇ ಸರಿ. ಖರೋಷ್ಠಿಗೆ ೨೦೦೫ರಲ್ಲಿ, ಬ್ರಾಹ್ಮಿಗೆ ೨೦೧೦ರಲ್ಲಿ ಎಡೆಯಾಗಿ, ಚಪಡನು ಉಳಿಯಿಂದ ಮಾಡಿದ ಕೆಲಸವನ್ನು ಯಂತ್ರವೂ ಕಲಿತಂತಾಯಿತು.

ಇನ್ನುಳಿದುದು ಹಳೆಯ ಕಡತಗಳ ಪ್ರಶ್ನೆ. ಚೂರುಗಳ ಕಾಲದಲ್ಲಿ ಬರೆದಿಟ್ಟ ಪಾಠಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ಕಥೆ ಕವನಗಳಿಗೆ ಅವು ಸಾಕು. ಶಾಸ್ತ್ರಗ್ರಂಥದಲ್ಲಾದರೆ ಸ್ಥಾನಪಲ್ಲಟವಾದ ಅರ್ಕಾವತ್ತನ್ನೂ, ಕನ್ನಡದ ಚೂರಾದ ರೋಮನ್ ಸಂಕೇತವನ್ನೂ, ವಿಷಯವನ್ನು ಬಲ್ಲವನೊಬ್ಬನು ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಿದ್ದಬೇಕು. ಮುದ್ರಿತ ಪ್ರತಿಯೂ ಉಳಿಯದಿದ್ದಲ್ಲಿ, ಆ ಸಂಕೇತವು ಮೊದಲು ಏನಾಗಿದ್ದಿತೆಂದು ಹೇಳಬಲ್ಲವನು ಬರೆದವನೊಬ್ಬನೇ.